ಗಂಡಾಳು, ಹೆಣ್ಣಾಳು ಮತ್ತು ಚೆಕ್‌ರೋಲ್: ಕಾಫಿ ತೋಟದ ಮಾಲೀಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮಗೆ 40 ಎಕರೆ ಕಾಫಿ ಮತ್ತು ಮೆಣಸಿನ ತೋಟವಿದೆ. ಎರಡು ವರ್ಷಗಳ ಹಿಂದೆ ತಂದೆಯವರಿಂದ ಆಡಳಿತ ನನ್ನ ಕೈಗೆ ಬಂತು. ತೋಟದೊಳಗಿನ ಲೈನ್ ಮನೆಗಳಲ್ಲಿರುವವರು ಮತ್ತು ಪಕ್ಕದ ಊರಿನಿಂದ ಬರುವವರು ಸೇರಿ ಕಾಯಂ ಆಳುಗಳು 22 ಮಂದಿ. ಅವರಲ್ಲಿ 12 ಹೆಂಗಸರು. ಕೊಯ್ಲಿನ ಕಾಲಕ್ಕೆ ಅಸ್ಸಾಂನಿಂದ ಹದಿನೈದಿಪ್ಪತ್ತು ಜನ ಬರುತ್ತಾರೆ. ಗಂಡಾಳಿಗೆ ದಿನಕ್ಕೆ 600 ರೂಪಾಯಿ, ಹೆಣ್ಣಾಳಿಗೆ 500 ರೂಪಾಯಿ ಕೊಡುತ್ತಿದ್ದೇವೆ. ಕಾಫಿ ಕೊಳ್ಳುವವರು ಈಗ ರೇನ್‌ಫಾರೆಸ್ಟ್ ಅಲಯನ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಕೇಳುತ್ತಿದ್ದು, ತೋಟದಲ್ಲಿ ತಾರತಮ್ಯವಿಲ್ಲವೆಂದು ತೋರಿಸಬೇಕಂತೆ. ‘ಹೆಂಗಸರದು ಹಗುರ ಕೆಲಸ, ಸಮ ಕೂಲಿ ಕೊಟ್ಟರೆ ಗಂಡಸರು ಬಿಟ್ಟುಹೋಗುತ್ತಾರೆ’ ಎಂಬುದು ತಂದೆಯವರ ಮಾತು. ಹೆಂಗಸೊಬ್ಬರನ್ನು ಮೇಸ್ತ್ರಿ ಮಾಡಲು ಹೋದೆ, ಅವರೇ ಒಪ್ಪಲಿಲ್ಲ. ಕಿವಿ ಕೇಳದ ಯುವಕನೊಬ್ಬ ಕೆಲಸ ಕೇಳಿಕೊಂಡು ಬಂದಿದ್ದಾನೆ. ಆನೆ ಓಡಾಡುವ ಜಾಗವಾದ್ದರಿಂದ ಇಟ್ಟುಕೊಳ್ಳಲು ಭಯ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಮಾಣಪತ್ರದ ಪ್ರಶ್ನೆ ಒಂದು ಸಾಲಿನಲ್ಲಿದೆ, ಉಳಿದದ್ದೆಲ್ಲ ತೋಟದ ಜನರನ್ನು ಕುರಿತದ್ದು. ಆದ್ದರಿಂದ ನಿಮ್ಮ ಕಳವಳ ಪ್ರಮಾಣಪತ್ರಕ್ಕಿಂತ ಹಿರಿದು ಎಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಮಲೆನಾಡಿನ ತೋಟಗಳಿಗೆ ಕಾರ್ಮಿಕ ಕಲ್ಯಾಣದ ಸಲಹೆಗಾರ್ತಿಯಾಗಿ ಬಹಳ ವರ್ಷ ಓಡಾಡಿದ ಮೇಲೆ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಒಂದು ತೋಟ ಎಲ್ಲರನ್ನೂ ಸಮನಾಗಿ ಕಾಣುತ್ತದೆಯೇ ಎಂಬುದು ಆಫೀಸಿನ ಗೋಡೆಯ ಮೇಲಿನ ಫಲಕದಿಂದ ತಿಳಿಯುವುದಿಲ್ಲ. ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲಿ ರೈಟರ್ (ತೋಟದ ಗುಮಾಸ್ತ) ಯಾರ ಹೆಸರನ್ನು ಯಾವ ಕೆಲಸದ ಎದುರು ಬರೆಯುತ್ತಾರೆ, ಸಂಬಳದ ದಿನ ಆ ಹೆಸರಿನ ಎದುರು ಯಾವ ದರ ಹಾಕುತ್ತಾರೆ ಎಂಬಲ್ಲಿ ಅದು ತಿಳಿಯುತ್ತದೆ. ಹಾಗಾಗಿ ಚೆಕ್‌ರೋಲ್‌ನಿಂದಲೇ ಅಂದರೆ ಹಾಜರಿ ಮತ್ತು ಕೂಲಿ ಬರೆಯುವ ಪುಸ್ತಕದಿಂದಲೇ ಆರಂಭಿಸೋಣ.

‘ಹಗುರ ಕೆಲಸ’ ಎಂಬ ಮಾತನ್ನು ನಾನು ಪ್ರತಿ ತೋಟದಲ್ಲೂ ಕೇಳಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅವರ ಕಣ್ಣೆದುರು ಮರಗಸಿ ಮಾಡಲು, ಅಂದರೆ ನೆರಳಿನ ಮರದ ಕೊಂಬೆ ಸವರಲು, ಸಿಲ್ವರ್ ಓಕ್ ಏರಿದ ಗಂಡಸಿನ ಚಿತ್ರವಿರುತ್ತದೆ. ಆ ಕೆಲಸ ಕಷ್ಟದ್ದು, ಅಪಾಯದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಗಸಿ ವರ್ಷದಲ್ಲಿ ಎಷ್ಟು ದಿನ ನಡೆಯುತ್ತದೆ? ಕಳೆದ ವರ್ಷದ ಚೆಕ್‌ರೋಲ್ ತೆಗೆದು, ಹತ್ತು ಗಂಡಾಳುಗಳ ಹೆಸರಿನ ಎದುರು ಮರ ಹತ್ತಿದ ದಿನ, ಸ್ಪ್ರೇ ಮಾಡಿದ ದಿನ, ಗುಂಡಿ ತೆಗೆದ ದಿನ, ಮೂಟೆ ಹೊತ್ತ ದಿನಗಳನ್ನು ಬೇರೆ ಬೇರೆಯಾಗಿ ಎಣಿಸಿ. ಉಳಿದ ದಿನಗಳಲ್ಲಿ ಅವರು ಏನು ಮಾಡಿದ್ದರೆಂದೂ ನೋಡಿ. ಗೊಬ್ಬರ ಹಾಕುವುದು, ಚಿಗುರು ತೆಗೆಯುವುದು, ಹಣ್ಣು ಕೊಯ್ಯುವುದು, ಕಣದಲ್ಲಿ ಕಾಫಿ ಹರಡಿ ತಿರುವುವುದು ಇವೆಲ್ಲ ಹೆಂಗಸರೂ ಅದೇ ದಿನ, ಅದೇ ಪಟ್ಟೆಯಲ್ಲಿ (ತೋಟದ ಭಾಗದಲ್ಲಿ) ಮಾಡಿದ ಕೆಲಸಗಳು. ನಾನು ಈ ಎಣಿಕೆ ಮಾಡಿಸಿದ ತೋಟಗಳಲ್ಲಿ, ಭಾರದ ಕೆಲಸದ ದಿನಗಳು ಮಾಲೀಕರು ಅಂದಾಜಿಸಿದ್ದಕ್ಕಿಂತ ಕಡಿಮೆಯೇ ಬಂದಿವೆ. ನೂರು ರೂಪಾಯಿಯ ವ್ಯತ್ಯಾಸ ಮಾತ್ರ ವರ್ಷವಿಡೀ ಜಾರಿಯಲ್ಲಿತ್ತು.

ಹೆಂಗಸರ ಕೆಲಸವನ್ನು ಹಗುರವೆಂದು ಕರೆಯುವುದರಲ್ಲಿ ವ್ಯಾಪಾರದ ದೃಷ್ಟಿಯಿಂದಲೂ ತಪ್ಪಿದೆ. ಅರೇಬಿಕಾ ಗಿಡದಲ್ಲಿ ಹಣ್ಣು ಒಮ್ಮೆಲೇ ಮಾಗುವುದಿಲ್ಲವಾದ್ದರಿಂದ ಅದೇ ಗಿಡಕ್ಕೆ ಮೂರು ನಾಲ್ಕು ಸುತ್ತು ಹೋಗಿ, ಕಾಯಿ ಬಿಟ್ಟು ಹಣ್ಣನ್ನು ಮಾತ್ರ ತೆಗೆಯಬೇಕಾಗುತ್ತದೆ. ಒಂದು ಕೆ.ಜಿ. ಶುದ್ಧ ಕಾಫಿಗೆ (ಸಿಪ್ಪೆ ತೆಗೆದು ಒಣಗಿಸಿದ ಬೀಜಕ್ಕೆ) ಐದರಿಂದ ಆರು ಕೆ.ಜಿ. ಹಣ್ಣು ಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಸಿರು ಕಾಯಿ ಬಿದ್ದರೆ ಇಡೀ ಲಾಟಿನ ರುಚಿ ಇಳಿಯುತ್ತದೆ. ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡವನ್ನು ಗುರುತಿಸುವ ಕೆಲಸವನ್ನು ಬಹಳಷ್ಟು ತೋಟಗಳಲ್ಲಿ ಹೆಂಗಸರೇ ಮಾಡುತ್ತಾರೆ, ಒಂದು ಗಿಡ ತಪ್ಪಿದರೆ ಮುಂದಿನ ವರ್ಷ ಸುತ್ತಲಿನ ಗಿಡಗಳಿಗೂ ಅಪಾಯ. ನಿಮ್ಮ ಕಾಫಿಗೆ ಬೆಲೆ ತರುವ ಈ ಕಣ್ಣು ಮತ್ತು ಕೈಗಳಿಗೆ ಕಡಿಮೆ ದರ ಕಟ್ಟಿರುವುದು ರೂಢಿಯಿಂದ ಬಂದದ್ದು, ಲೆಕ್ಕದಿಂದ ಬಂದದ್ದಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1976ರ ಸಮಾನ ವೇತನ ಕಾಯ್ದೆ ‘ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸ’ಕ್ಕೆ ಲಿಂಗದ ಆಧಾರದ ಮೇಲೆ ಬೇರೆ ಕೂಲಿ ಕೊಡುವುದನ್ನು ನಿಷೇಧಿಸಿತ್ತು. ಆ ನಿಯಮ ಈಗ 2019ರ ವೇತನ ಸಂಹಿತೆಯೊಳಗಿದೆ, ಮತ್ತು ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಮುಂದೆ ಮಾಡಿ ಕೆಲಸವೇ ಬೇರೆ ಎನ್ನಲಾಗದು, ಸಂಸ್ಥೆಯ ಹಣಕಾಸಿನ ಸ್ಥಿತಿಯೂ ಸಮ ವೇತನ ತಪ್ಪಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಮ್ಯಾಕಿನ್ನನ್ ಮೆಕೆಂಜಿ ಪ್ರಕರಣದಲ್ಲಿಯೇ ಹೇಳಿದೆ. ಸರ್ಕಾರ ಪ್ರಕಟಿಸುವ ಕನಿಷ್ಠ ವೇತನದಲ್ಲಿಯೂ ಗಂಡಿಗೊಂದು, ಹೆಣ್ಣಿಗೊಂದು ಎಂಬ ದರಗಳಿಲ್ಲ. ನೀವು ಕೊಡುವ 500 ರೂಪಾಯಿ ಪ್ಲಾಂಟೇಷನ್‌ಗಳಿಗೆ ಈ ವರ್ಷ ಅನ್ವಯಿಸುವ ಕನಿಷ್ಠ ವೇತನಕ್ಕಿಂತ ಕೆಳಗಿಲ್ಲವೇ ಎಂಬುದನ್ನೂ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ.

ಹಾಗಾದರೆ ದಾರಿಗಳೇನು? ನೇರವಾದ ದಾರಿ ಎಂದರೆ ಮುಂದಿನ ಬಟವಾಡೆಯಿಂದಲೇ ಎಲ್ಲರಿಗೂ 600 ರೂಪಾಯಿ. ಹನ್ನೆರಡು ಹೆಂಗಸರಿಗೆ ದಿನಕ್ಕೆ ನೂರರಂತೆ, ವರ್ಷಕ್ಕೆ 280 ದಿನ ಹಿಡಿದರೆ 3,36,000 ರೂಪಾಯಿ, ಅಂದರೆ ಎಕರೆಗೆ 8,400 ರೂಪಾಯಿ ಹೆಚ್ಚಾಗುತ್ತದೆ. ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಲೆಕ್ಕವೂ ಅದಕ್ಕೆ ತಕ್ಕಂತೆ ಏರುತ್ತದೆ. ಇದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ಇಷ್ಟು ಹಣಕ್ಕೆ ತಡಬಡಾಯಿಸಿದ ತೋಟಗಳನ್ನು ನಾನು ಕಂಡಿದ್ದೇನೆ. ಗಂಡಸರ ಕೂಲಿಯನ್ನು 550ಕ್ಕೆ ಇಳಿಸಿ, ಹೆಂಗಸರದನ್ನು ಅಲ್ಲಿಗೇ ಏರಿಸಿ ಸಮ ಮಾಡುತ್ತೇನೆಂದರೆ ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಸಮಾನತೆಯ ಹೆಸರಿನಲ್ಲಿ ಯಾರ ಕೂಲಿಯನ್ನೂ ಇಳಿಸುವಂತಿಲ್ಲ.

ಎರಡನೆಯ ದಾರಿ ನನಗೆ ಹೆಚ್ಚು ಸರಿಯೆನಿಸಿದ್ದು. ದರವನ್ನು ಆಳಿಗೆ ಕಟ್ಟದೆ ಕೆಲಸಕ್ಕೆ ಕಟ್ಟಬೇಕು. ಸಾಮಾನ್ಯ ಕೆಲಸಕ್ಕೆ ಎಲ್ಲರಿಗೂ ಒಂದೇ ದಿನಗೂಲಿ ಇರಲಿ. ಮರ ಹತ್ತುವುದು, ಸ್ಪ್ರೇ, ಯಂತ್ರದಲ್ಲಿ ಕಳೆ ಹೊಡೆಯುವುದು, ಕಾಂಡಕೊರಕ ಗುರುತಿಸುವುದು, ಪಲ್ಪರ್ ನಡೆಸುವುದು ಮುಂತಾದ ಅಪಾಯದ ಅಥವಾ ಕುಶಲತೆಯ ಕೆಲಸಗಳಿಗೆ, ಮಾಡಿದ ದಿನ ಮಾತ್ರ, ಮಾಡಿದವರು ಯಾರೇ ಆಗಿರಲಿ, ಬರೆದು ಪ್ರಕಟಿಸಿದ ಭತ್ಯೆ ಇರಲಿ. ಗಂಡಸರು ಬಿಟ್ಟುಹೋಗುತ್ತಾರೆ ಎಂಬ ತಂದೆಯವರ ಆತಂಕಕ್ಕೂ ಇದರಲ್ಲಿ ಉತ್ತರವಿದೆ, ಏಕೆಂದರೆ ನಿಜವಾಗಿ ಮರ ಹತ್ತುವವರಿಗೆ ಆ ದಿನದ ಗಳಿಕೆ ಈಗಿರುವುದಕ್ಕಿಂತ ಹೆಚ್ಚೇ ಆಗುತ್ತದೆ. ಇದರ ಅಪಾಯವನ್ನೂ ತಿಳಿದಿರಬೇಕು. ಭತ್ಯೆಯ ಪಟ್ಟಿಯಲ್ಲಿ ಗಂಡಸರು ಮಾಡುವ ಕೆಲಸಗಳನ್ನಷ್ಟೇ ಸೇರಿಸಿ, ಹೆಂಗಸರಿಗೆ ಆ ಕೆಲಸ ಕಲಿಯಲು ಅವಕಾಶವನ್ನೇ ಕೊಡದಿದ್ದರೆ, ಹಳೆಯ ನೂರು ರೂಪಾಯಿ ಹೊಸ ಹೆಸರಿನಲ್ಲಿ ಹಿಂದಿರುಗಿ ಬಂದಂತಾಗುತ್ತದೆ. ಒಂಟಿ ಬಿದಿರಿನ ಏಣಿಯ ಬದಲು ಅಲ್ಯೂಮಿನಿಯಂ ಏಣಿ, ಭಾರದ ಯಂತ್ರದ ಬದಲು ಬ್ಯಾಟರಿಯ ವೀಡ್ ಕಟರ್ ತಂದ ತೋಟಗಳಲ್ಲಿ ಮೆಣಸು ಕೊಯ್ಯುವ, ಕಳೆ ಹೊಡೆಯುವ ಹೆಂಗಸರನ್ನು ನಾನು ನೋಡಿದ್ದೇನೆ. ಗಂಡಸಿನ ಭುಜದ ಅಳತೆಗೆ ಮಾಡಿದ ಸಲಕರಣೆಯನ್ನು ಕೈಗಿತ್ತು ‘ನಿನ್ನಿಂದ ಆಗುವುದಿಲ್ಲ’ ಎನ್ನುವುದು ನ್ಯಾಯವಲ್ಲ. ಔಷಧಿ ಸಿಂಪಡಿಸುವ ಕೆಲಸಕ್ಕೆ ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಕಳುಹಿಸಬಾರದು, ಆದರೆ ಆ ಕಾರಣಕ್ಕೆ ಅವರ ಆ ದಿನದ ಕೆಲಸ ತಪ್ಪಬಾರದು, ಬೇರೆ ಕೆಲಸ ಕೊಡಬೇಕು.

ಕೊಯ್ಲಿನಲ್ಲಿ ಕೆ.ಜಿ. ಲೆಕ್ಕ ಇಟ್ಟರೆ ತಾರತಮ್ಯವೇ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ದರ ಒಂದೇ ಇರುತ್ತದೆ, ನಿಜ. ಆದರೆ ಹಣ್ಣು ದಟ್ಟವಾಗಿರುವ ಪಟ್ಟೆಯನ್ನು ಯಾರಿಗೆ ಕೊಟ್ಟರು, ಇಳಿಜಾರಿನ ವಿರಳ ಪಟ್ಟೆ ಯಾರ ಪಾಲಾಯಿತು, ತೂಕ ಹಾಕುವಾಗ ತಕ್ಕಡಿಯ ಮುಖ ಯಾರ ಕಡೆಗಿತ್ತು, ಚೀಲದ ತೂಕವೆಂದು ಎಷ್ಟು ಕಳೆದರು ಎಂಬ ಪ್ರಶ್ನೆಗಳು ಉಳಿಯುತ್ತವೆ. ಕೆ.ಜಿ. ಆಸೆಗೆ ಹಸಿರು ಕಾಯಿಯೂ ಬರುತ್ತದೆ. ಇನ್ನೂ ಗಂಭೀರವಾದದ್ದೆಂದರೆ ತಾಯಿಯ ಚೀಲ ತುಂಬಿಸಲು ಮಕ್ಕಳು ಶಾಲೆ ಬಿಟ್ಟು ಗಿಡದ ಕೆಳಗೆ ಕೂರುತ್ತಾರೆ. ಕೆ.ಜಿ. ದರ ಇಡುವುದಾದರೆ ದಿನಗೂಲಿಗಿಂತ ಕಡಿಮೆಯಾಗದಂತೆ ಖಾತರಿ ಕೊಡಿ, ತಕ್ಕಡಿಯನ್ನು ಎಲ್ಲರಿಗೂ ಕಾಣುವಂತೆ ಇಡಿ, ಪಟ್ಟೆಗಳನ್ನು ದಿನಕ್ಕೊಬ್ಬರಿಗೆ ಸರದಿಯಲ್ಲಿ ಹಂಚಿ.

ಈಗ ಯಾರೂ ಪತ್ರದಲ್ಲಿ ಬರೆಯದ ವಿಷಯಕ್ಕೆ ಬರುತ್ತೇನೆ. ನಿಮ್ಮ 40 ಎಕರೆಯಲ್ಲಿ ಹೆಂಗಸರು ಮೂತ್ರ ವಿಸರ್ಜನೆಗೆ ಎಲ್ಲಿಗೆ ಹೋಗುತ್ತಾರೆ? ತೋಟವೊಂದರಲ್ಲಿ ಹೆಂಗಸರ ಜೊತೆ ಒಂದು ದಿನವಿಡೀ ಕೊಯ್ಲಿನಲ್ಲಿದ್ದಾಗ, ಬೆಳಗಿನ ಗಂಜಿಯ ನಂತರ ಮಧ್ಯಾಹ್ನದವರೆಗೆ ಒಬ್ಬರೂ ನೀರು ಕುಡಿಯದಿರುವುದನ್ನು ಕಂಡು ಬಾಯಾರಿಕೆಯಿಲ್ಲವೇ ಎಂದು ಕೇಳಿದೆ. ‘ಕುಡಿದರೆ ಹೋಗಬೇಕಾಗುತ್ತಲ್ಲ ಅಮ್ಮ, ಎಲ್ಲಿಗೆ ಹೋಗೋದು?’ ಎಂದರು. ಉರಿಮೂತ್ರ, ಸೋಂಕು, ಮುಟ್ಟಿನ ದಿನಗಳಲ್ಲಿ ಕೆಲಸಕ್ಕೇ ಬರದಿರುವುದು ಎಲ್ಲವೂ ಇದರಿಂದ ಬರುವಂಥವು, ಮತ್ತು ಚೆಕ್‌ರೋಲ್‌ನಲ್ಲಿ ಇವು ‘ಗೈರುಹಾಜರಿ’ ಎಂದು ದಾಖಲಾಗುತ್ತವೆ. ಐದು ಹೆಕ್ಟೇರ್ ಮತ್ತು ಹದಿನೈದು ಕಾರ್ಮಿಕರಿದ್ದ ಕಾಫಿ ತೋಟಗಳಲ್ಲಿ ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅದು ಈಗ ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯವನ್ನು ಕುರಿತ 2020ರ ಸಂಹಿತೆಯಲ್ಲಿ ಸೇರಿಹೋಗಿದೆ, ಆದರೆ ನಿಮ್ಮ ಹೊಣೆ ಕಡಿಮೆಯಾಗಿಲ್ಲ. ಆಫೀಸಿನ ಪಕ್ಕದಲ್ಲಿ ಒಂದು ಶೌಚಾಲಯ ಕಟ್ಟಿ ಬೀಗದ ಕೈಯನ್ನು ರೈಟರ್ ಜೇಬಿನಲ್ಲಿಟ್ಟರೆ ಪ್ರಯೋಜನವಿಲ್ಲ. ಕೆಲಸ ನಡೆಯುವ ಪಟ್ಟೆಗೆ ಸ್ಥಳಾಂತರಿಸಬಹುದಾದ, ಬಾಗಿಲಿಗೆ ಒಳಗಿನಿಂದ ಚಿಲಕವಿರುವ, ನೀರು ಮತ್ತು ಮುಚ್ಚಳದ ಬುಟ್ಟಿ ಇರುವ ಎರಡು ತಾತ್ಕಾಲಿಕ ಶೌಚಾಲಯಗಳು ಸಾಕು. ಎಲ್ಲಿ ನಿಲ್ಲಿಸಬೇಕೆಂದು ಹೆಂಗಸರನ್ನೇ ಕೇಳಿ.

ಮಕ್ಕಳ ವಿಷಯವೂ ಇದೇ ಜಾತಿಯದು. ಶಿಶುಪಾಲನಾ ಕೊಠಡಿ ಕಡ್ಡಾಯವಾಗುವಷ್ಟು ದೊಡ್ಡ ತೋಟ ನಿಮ್ಮದಲ್ಲ. ಆದರೂ ಹಾಲುಗೂಸಿನ ತಾಯಿ ಕೆಲಸ ಬಿಡುವುದು ಅಥವಾ ಕೂಸನ್ನು ಗಿಡದ ನೆರಳಿನಲ್ಲಿ ಮಲಗಿಸುವುದು, ಈ ಎರಡೇ ದಾರಿ ಉಳಿಯಬಾರದು. ರಾಜ್ಯ ಸರ್ಕಾರ 2023-24ರ ಬಜೆಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಗಳನ್ನು ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಕೊಯ್ಲಿನ ತಿಂಗಳುಗಳಿಗೆ ಒಂದು ಲೈನ್ ಮನೆಯನ್ನು ಬಿಡಿಸಿ, ವಯಸ್ಸಾದ ಹೆಂಗಸೊಬ್ಬರಿಗೆ ಪೂರ್ಣ ಕೂಲಿ ಕೊಟ್ಟು ನೋಡಿಕೊಳ್ಳಲು ಹೇಳಬಹುದು.

ಜಾತಿಯ ಬಗ್ಗೆ ನೀವು ಏನನ್ನೂ ಕೇಳಿಲ್ಲ. ಕೇಳದಿರುವುದು ಸಹಜ, ಏಕೆಂದರೆ ತೋಟದಲ್ಲಿ ಅದು ಮಾತಿನಲ್ಲಿ ಕಾಣಿಸುವುದಿಲ್ಲ. ಮಾಲೀಕರ ಮನೆಯ ಹಿಂಬಾಗಿಲಿನಲ್ಲಿ ಬೇರೆ ಇಟ್ಟಿರುವ ಲೋಟದಲ್ಲಿ, ಗೋದಾಮಿನೊಳಗೆ ಯಾರು ಹೋಗಬಹುದು ಎಂಬ ಅಲಿಖಿತ ನಿಯಮದಲ್ಲಿ, ಚರಂಡಿ ಕಟ್ಟಿದಾಗ ಪ್ರತಿ ಸಲ ಕರೆಯುವ ಒಂದೇ ಮನೆತನದ ಹೆಸರಿನಲ್ಲಿ ಅದು ಇರುತ್ತದೆ. ಸಂವಿಧಾನದ 17ನೇ ವಿಧಿ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವು ನಿಮಗೆ ಗೊತ್ತಿರುವಂಥವೇ. ನನ್ನ ಮನವಿ ಇಷ್ಟೇ: ಒಂದೇ ಬಗೆಯ ಲೋಟದಲ್ಲಿ, ಒಂದೇ ಜಾಗದಲ್ಲಿ, ಮಾಲೀಕರೂ ಕುಳಿತು ಕಾಫಿ ಕುಡಿಯುವ ಪದ್ಧತಿಯನ್ನು ನಾಳೆಯೇ ಆರಂಭಿಸಿ. ಮನೆಯಲ್ಲಿ ಹಿರಿಯರ ಮುಖ ಸ್ವಲ್ಪ ದಿನ ಬಿಗಿಯಬಹುದು. ಆ ಇರುಸುಮುರುಸು, ತಲೆಮಾರುಗಳಿಂದ ಬೇರೆ ಲೋಟದಲ್ಲಿ ಕುಡಿದವರ ನೋವಿಗೆ ಸಮವಲ್ಲ. ಸಾಲ, ಮುಂಗಡಗಳ ಲೆಕ್ಕವನ್ನೂ ಇದೇ ಸಂದರ್ಭದಲ್ಲಿ ನೋಡಿ. ಮುಂಗಡ ತೀರುವವರೆಗೆ ಕುಟುಂಬ ತೋಟ ಬಿಡುವಂತಿಲ್ಲ ಎಂಬ ಸ್ಥಿತಿ ಇದ್ದರೆ ಅದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾನೂನು ಜೀತವೆಂದೇ ಕರೆಯುತ್ತದೆ.

ಮೇಸ್ತ್ರಿಯ ವಿಚಾರ. ಆ ಹೆಂಗಸು ಒಪ್ಪಲಿಲ್ಲವೆಂದರೆ ಹೆಂಗಸರಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸಬೇಡಿ. ನಾನು ಕೇಳಿದಾಗ ಹೆಂಗಸರು ಕೊಟ್ಟ ಕಾರಣಗಳು ಬೇರೆ: ಜವಾಬ್ದಾರಿ ಹೆಚ್ಚು, ಸಂಬಳ ಅಷ್ಟೇ; ಗಂಡಸರು ಮಾತು ಕೇಳದಿದ್ದರೆ ಬೈಗುಳ ತಮಗೆ; ಸಂಜೆ ಲೆಕ್ಕ ಒಪ್ಪಿಸಿ ಹೊರಡುವಷ್ಟರಲ್ಲಿ ಕತ್ತಲಾಗುತ್ತದೆ, ಮನೆಯಲ್ಲಿ ಅಡುಗೆ ಕಾದಿರುತ್ತದೆ. ಹುದ್ದೆಯ ಜೊತೆ ಮೇಸ್ತ್ರಿಯ ಪೂರ್ಣ ಸಂಬಳ, ಕೆಲಸ ಹಂಚುವ ಅಧಿಕಾರ, ಬೆಳಕಿರುವಾಗಲೇ ಲೆಕ್ಕ ಮುಗಿಸುವ ವ್ಯವಸ್ಥೆ ಕೊಡಿ. ಒಬ್ಬರನ್ನು ಮಾಡುವ ಬದಲು ಇಬ್ಬರನ್ನು ಒಟ್ಟಿಗೆ ಮಾಡಿ, ಒಬ್ಬಂಟಿಯಾದವರು ಬೇಗ ಸೋಲುತ್ತಾರೆ. ಆರಂಭದಲ್ಲಿ ಒಬ್ಬಿಬ್ಬರು ಗಂಡಸರು ಮುನಿಸಿಕೊಂಡು ಗೈರಾಗುವ ಸಾಧ್ಯತೆಯಿದೆ. ಆಗ ನೀವು ಮೇಸ್ತ್ರಿಯ ತಲೆಯ ಮೇಲಿಂದ ಅವರ ಜೊತೆ ರಾಜಿ ಮಾಡಿಕೊಂಡರೆ ಆ ಹುದ್ದೆ ಅಂದೇ ಸತ್ತಂತೆ.

ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ, ನಿಮ್ಮಲ್ಲಿ 22 ಮಂದಿ ಇದ್ದಾರೆ. ಸಮಿತಿಗೆ ಮಹಿಳೆಯೇ ಅಧ್ಯಕ್ಷರು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಎರಡು ಸಂಗತಿಗಳನ್ನು ಮಾಲೀಕರು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಆಳುಗಳನ್ನು ಕರೆತರುವ ನಿಮ್ಮ ಜೀಪು ಕೂಡ ಕಾಯ್ದೆಯ ಪ್ರಕಾರ ಕೆಲಸದ ಸ್ಥಳ. ದೂರು ಮಾಲೀಕರ ಮೇಲೆಯೇ ಇದ್ದರೆ ಅದನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಇದನ್ನು ಹೆಂಗಸರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಅಸ್ಸಾಂನಿಂದ ಬರುವವರ ಕುರಿತು ಹರಡಿರುವ ತಪ್ಪು ತಿಳಿವಳಿಕೆ ಬೇರೆಯದು. ಅವರ ಮಾತು, ಹೆಸರು, ಧರ್ಮ ನೋಡಿ ‘ಬಾಂಗ್ಲಾದವರು’ ಎಂದು ಗುರುತಿಸುವುದು ಊರಿನಲ್ಲಿ ರೂಢಿಯಾಗಿದೆ. ಗುರುತನ್ನು ದಾಖಲೆಯಿಂದ ಪರಿಶೀಲಿಸಿ, ಪ್ರತಿ ಇಟ್ಟುಕೊಂಡು ಮೂಲವನ್ನು ಅಂದೇ ಹಿಂದಿರುಗಿಸಿ. ಮಧ್ಯವರ್ತಿಯ ಕೈಗೆ ಕೂಲಿ ಕೊಡದೆ ಪ್ರತಿಯೊಬ್ಬರ ಖಾತೆಗೆ ಹಾಕಿ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿರುವುದರಿಂದ ಅವರ ಊರಿನ ಕಾರ್ಡಿನಿಂದ ಇಲ್ಲಿಯೂ ಪಡಿತರ ಪಡೆಯಲು ಸಾಧ್ಯವಿದೆ. ಇದನ್ನು ತಿಳಿಸಿಕೊಡುವುದು ದೊಡ್ಡ ಉಪಕಾರ. ಔಷಧಿ ಡಬ್ಬಿಯ ಎಚ್ಚರಿಕೆ, ಆನೆ ಬಂದಿದೆಯೆಂಬ ಸಂದೇಶ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಲುಪುತ್ತಿದೆಯೇ ಎಂಬುದನ್ನು ಪ್ರತಿದಿನ ನೋಡಲು ಒಬ್ಬರನ್ನು ಹೊಣೆ ಮಾಡಿ.

ಆನೆಯ ಮಾತು ಬಂದದ್ದರಿಂದ ಆ ಯುವಕನ ವಿಷಯ. ನಿಮ್ಮ ಭಯ ಸುಳ್ಳಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ತುಳಿತಕ್ಕೆ ಕಿವಿ ಕೇಳುವವರೂ ಬಲಿಯಾಗಿದ್ದಾರೆ. ಹಾಗಾಗಿ ‘ಇವನಿಗೆ ಕೆಲಸ ಕೊಡಬಹುದೇ’ ಎಂದು ಕೇಳುವ ಬದಲು ‘ಯಾವ ಕೆಲಸದಲ್ಲಿ ಕೂಗಿನ ಎಚ್ಚರಿಕೆಯೇ ಜೀವ ಉಳಿಸುವುದು’ ಎಂದು ಕೇಳಿಕೊಳ್ಳಿ. ಮರಗಸಿ ನಡೆಯುವ ಮರದ ಕೆಳಗೆ, ಕಾಡಂಚಿನ ಪಟ್ಟೆಯಲ್ಲಿ ಒಂಟಿಯಾಗಿ, ಚಲಿಸುವ ಟ್ರ್ಯಾಕ್ಟರ್ ಹಿಂದೆ ಅವನು ಇರಬಾರದು. ಕಣ, ನರ್ಸರಿ, ತೂಕ, ಕಾಫಿ ವಿಂಗಡಣೆ, ಜೊತೆಗಾರರೊಂದಿಗೆ ಕೊಯ್ಲು ಇವುಗಳಲ್ಲಿ ಅಡ್ಡಿಯೇನೂ ಇಲ್ಲ. ಮೊಬೈಲ್ ಸಂದೇಶ ಬಂದಾಗ ಕಂಪಿಸುವಂತೆ ಇಡುವುದು, ಜೊತೆಗಾರರಿಬ್ಬರಿಗೆ ನಾಲ್ಕಾರು ಸನ್ನೆ ಕಲಿಸುವುದು, ಬಣ್ಣದ ಬಾವುಟ ಬಳಸುವುದು ಇಷ್ಟು ವ್ಯವಸ್ಥೆ ಸಾಕು. ಸಂಜೆ ಲೈನ್ ಮನೆಗೆ ಒಬ್ಬನೇ ನಡೆದುಹೋಗದಂತೆ ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಳ್ಳಿ. ಕೂಲಿ ಎಲ್ಲರಷ್ಟೇ ಇರಲಿ. ಕನಿಕರದ ಕೆಲಸವೆಂದು ಅರ್ಧ ಕೊಡುವುದನ್ನು ನಾನು ಕಂಡಿದ್ದೇನೆ, ಅದು ಅವನ ದುಡಿಮೆಗೆ ಮಾಡುವ ಅಪಮಾನ.

ಪ್ರಮಾಣಪತ್ರಕ್ಕೆ ಬರುವ ಪರಿಶೀಲಕರು ಕಡತ ನೋಡುತ್ತಾರೆ, ಜೊತೆಗೆ ಕಾರ್ಮಿಕರನ್ನು ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ತಾರತಮ್ಯ, ಕಿರುಕುಳ, ಬಾಲಕಾರ್ಮಿಕ ಪದ್ಧತಿಗಳನ್ನು ನಿಷೇಧಿಸಿದ್ದೇವೆ ಎಂದು ಬರೆದಿಟ್ಟರೆ ರೇನ್‌ಫಾರೆಸ್ಟ್ ಅಲಯನ್ಸ್‌ನ 2020ರ ಮಾನದಂಡಕ್ಕೆ ಸಾಲದು. ಅಪಾಯ ಎಲ್ಲಿದೆಯೆಂದು ಗುರುತಿಸಿ, ಕಂಡುಬಂದರೆ ಸರಿಪಡಿಸುವ ವ್ಯವಸ್ಥೆ ಅದಕ್ಕೆ ಬೇಕು. ಅದಕ್ಕಾಗಿ ಹೊಸ ಕಡತ ತೆರೆಯುವ ಮೊದಲು ತಂದೆಯವರ ಜೊತೆ ಒಂದು ಸಂಜೆ ಕುಳಿತುಕೊಳ್ಳಿ. ವಾದ ಬೇಡ, ಕಳೆದ ವರ್ಷದ ಚೆಕ್‌ರೋಲ್ ಅವರ ಕೈಗೆ ಕೊಡಿ. ಯಾವ ದಿನ ಯಾರು ಯಾವ ಪಟ್ಟೆಯಲ್ಲಿ ಏನು ಮಾಡಿದರೆಂದು ಅವರೇ ಓದಿ ಹೇಳಲಿ, ನೀವು ಬರೆದುಕೊಳ್ಳಿ. ಆ ಹನ್ನೆರಡು ಹೆಂಗಸರನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವರು. ಎಣಿಕೆ ಮುಗಿದ ಮೇಲೆ ದರ ಎಷ್ಟಿರಬೇಕೆಂದು ಅವರನ್ನೇ ಕೇಳಿ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಆರಂಭವಾಗುತ್ತದೆ. ಶೌಚಾಲಯವೂ ತಕ್ಕಡಿಯೂ ಅದಕ್ಕೆ ಮುಂಚೆ ಪಟ್ಟೆಯಲ್ಲಿರಲಿ, ಹೊಸ ದರಕ್ಕೆ ಮಾತ್ರ ಕೊಯ್ಲಿನವರೆಗೆ ಕಾಯದೆ ಮುಂದಿನ ಬಟವಾಡೆಗೇ ಸೇರಿಸಿ.